ಸ್ವಾಗತ ಗೀತೆಯ ಅಕ್ಕೋರು

ಸಿಂದಗಿ ತಾಲ್ಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಸಂಗೀತ ಕಲಿಸುತ್ತೇನೆ. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ. ಆದರೆ ಗಣಿತದ ಅಕ್ಕೋರಿಗೂ ಸಂಗೀತದ ಅಕ್ಕೋರಿಗೂ ಒಂದೇ ತೂಕ ಎಂದು ಯಾರೂ ತಿಳಿಯಬಾರದು. ಗಣಿತದವರು ರಜೆ ಹಾಕಿದರೆ ಪಾಲಕರು ಬಂದು ಕೇಳುತ್ತಾರೆ. ನಾನು ರಜೆ ಹಾಕಿದ್ದು ಗೊತ್ತಾಗುವುದು ಪ್ರಾರ್ಥನೆಯ ಹೊತ್ತಿಗೆ ಮೈಕಿನ ಮುಂದೆ ಯಾರೂ ಇಲ್ಲದಾಗ ಮಾತ್ರ. ಆಗಲೂ ಮೈಕು ಕೆಟ್ಟಿದೆಯೇ ಎಂದು ಮೊದಲು ನೋಡುತ್ತಾರೆ.

ಆ ವರ್ಷ ಪರೀಕ್ಷೆ ಮುಗಿಯುತ್ತಿದ್ದಂತೆ ಮುಖ್ಯಗುರುಗಳು ನನ್ನನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಇಷ್ಟು ವರ್ಷದಲ್ಲಿ ಎರಡೂ ಒಟ್ಟಿಗೆ ಸಿಕ್ಕಿರಲಿಲ್ಲ. ಏನೋ ಕೆಟ್ಟ ಸುದ್ದಿಯೇ ಎಂದು ಚಹಾ ಮುಟ್ಟುವ ಮೊದಲೇ ತಿಳಿಯಿತು.

"ಅಕ್ಕೋರ, ಮಕ್ಕಳ ಸಂಖ್ಯಾ ಇಳದೈತ್ರಿ. ಒಂದ್ ಪೋಸ್ಟ್ ಹೆಚ್ಚುವರಿ ಆಗೂದು ಖರೇ. ಗಣಿತದವರನ್ನ ಕಳಸಾಕ ಬರಂಗಿಲ್ಲ, ಕನ್ನಡದವರನ್ನೂ ಕಳಸಾಕ ಬರಂಗಿಲ್ಲ."

"ಹಂಗಾರ ಕಳಸಾಕ ಬರೂ ಪೈಕಿ ನಾನ ಉಳದಾಕಿ ಅನ್ರಿ."

"ನಾ ಹಂಗ ಅಂದಿಲ್ರಿ. ಬ್ಯಾಸಗ್ಯಾಗ ನಿಮ್ಮ ಸಂಗೀತದವರ ತರಬೇತಿ ಐತಲ್ಲ, ಅದರ ಕಡೀ ದಿನ ಜಿಲ್ಲಾ ಆಫೀಸಿನ ಸಾಹೇಬ್ರು ಪಾಠ ನೋಡಾಕ ಬರ್ತಾರಂತ. ಒಂದ್ ಸಲ ಅವರ ಕಣ್ಣಿಗೆ ಬೀಳ್ರಿ. ಅವರು ಇರ್ಲಿ ಅಂದ್ರ ನಿಮ್ಮನ್ನ ಯಾರೂ ಅಲುಗಾಡಸಂಗಿಲ್ಲ."

ಹೆಚ್ಚುವರಿ ಎಂದರೆ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಹೋಗಬೇಕು. ಸಂಗೀತದ ಜಾಗ ಎಲ್ಲೂ ಖಾಲಿ ಇರಲಿಲ್ಲ. ಇದ್ದ ಜಾಗಗಳನ್ನೇ ಒಂದೊಂದಾಗಿ ಮುಚ್ಚುತ್ತಿದ್ದರು. ಯಾವುದೋ ಕಚೇರಿಯ ಮೂಲೆಯಲ್ಲಿ ಕೂತು ಮಕ್ಕಳ ಸಮವಸ್ತ್ರದ ಅಳತೆಯನ್ನು ಕಂಪ್ಯೂಟರಿಗೆ ತುಂಬುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಸಂಬಳ ಅಷ್ಟೇ, ನೆರಳು ಜಾಸ್ತಿ. ಆದರೆ ಹನ್ನೊಂದನೆಯ ವಯಸ್ಸಿನಿಂದ ಸರಿಗಮ ತಿದ್ದಿದವಳು ನಾನು. ನನಗೆ ಬೇರೆ ಏನೂ ಬರುವುದಿಲ್ಲ, ಬರಬೇಕು ಎಂಬ ಆಸೆಯೂ ಇಲ್ಲ. ಮಕ್ಕಳ ಎದುರು ಕೂತು ಹಾಡುವುದು ತಪ್ಪಿದರೆ ನಾನು ಸಿಡಿಮಿಡಿ ಎನ್ನುವ ಒಬ್ಬ ಹೆಂಗಸು ಅಷ್ಟೇ ಎಂದು ನನಗೇ ಗೊತ್ತಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ತರಬೇತಿ ಬಸವನ ಬಾಗೇವಾಡಿಯಲ್ಲಿ, ಐದು ದಿನ. ಹೆಸರು 'ಕ್ರಿಯಾಶೀಲ ಸಂಗೀತ ಕಲಿಕೆ'. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ನಾಯಿಗಳೂ ಕ್ರಿಯಾಶೀಲವಾಗಿರುವುದಿಲ್ಲ. ಇಂಥ ಹೊತ್ತಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲ್ಲೂಕಿನ ಸಂಗೀತ ಶಿಕ್ಷಕರನ್ನು ಒಂದು ಶಾಲೆಯ ತಗಡಿನ ಮಾಡಿನ ಕೆಳಗೆ ಕೂಡಿಸಬೇಕೆಂದು ಯಾರಿಗೆ ಹೊಳೆಯಿತೋ ಕಾಣೆ. ಎಲ್ಲರೂ ಸೇರಿದರೂ ಎರಡು ಟಂಟಂ ಗಾಡಿ ತುಂಬುವಷ್ಟು ಜನ, ಅಷ್ಟೇ. ಆದರೆ ಬಂದವರೆಲ್ಲ ಪೇಟಿ ತಂದಿದ್ದರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಪೇಟಿ ಇಲ್ಲದೆ ಸಂಗೀತದ ಮಾಸ್ತರ ಮನೆಯ ಹೊಸ್ತಿಲು ದಾಟುವುದಿಲ್ಲ. ನನಗೂ ಬಸ್ಸಿನಲ್ಲಿ ಕಂಡಕ್ಟರನೊಡನೆ ಜಗಳ ಆಗಿತ್ತು.

"ಇದಕ್ಕ ಅರ್ಧಾ ಟಿಕೀಟ್ ಆಗತೈತ್ರಿ ಅಕ್ಕೋರ."

"ಇದು ಕಿಡಕ್ಯಾಗ ಉಗಳಂಗಿಲ್ಲ, ಬಸ್ಸಿನ್ಯಾಗ ಕಾರಂಗಿಲ್ಲ. ಯಾಕ ಕೊಡಬೇಕು?"

ಕೊಟ್ಟೆ. ಕೊಡದೆ ಅವನು ಸೀಟಿ ಊದುತ್ತಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ತರಬೇತಿಯ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಕೈಮಗ್ಗದ ಸೀರೆ, ಬರಿಗಾಲು. ಪೇಟಿಗಳ ಸಾಲು ನೋಡಿ ನಕ್ಕರು. "ಇವೆಲ್ಲ ತುಂಬಾ ಚೆನ್ನಾಗಿವೆ. ಆದರೆ ಐದು ದಿನ ನಮಗೆ ಇವು ಬೇಡ. ಮೈಯೇ ನಮ್ಮ ವಾದ್ಯ. ಪಕ್ಕದ ಕೋಣೆಯಲ್ಲಿ ಇಟ್ಟು ಬೀಗ ಹಾಕೋಣವಾ?" ಎಂದರು.

ಕೋಣೆಯ ಬಾಗಿಲು ಹಾಕುವಾಗ ಶವ ಎತ್ತಿದ ಮನೆಯ ಮೌನವಿತ್ತು. ಇಂಡಿ ತಾಲ್ಲೂಕಿನ ಲಚ್ಯಾಣದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯ ಮಾಸ್ತರರಿದ್ದರು. ನಿವೃತ್ತಿ ಹತ್ತಿರದಲ್ಲಿತ್ತು, ನಾವೆಲ್ಲ ಅವರ ಕಾಲು ಮುಟ್ಟಿಯೇ ಕೂಡುತ್ತಿದ್ದೆವು. ಅವರು ಬೀಗದ ಕೈಯನ್ನು ತಮಗೇ ಕೊಡಬೇಕೆಂದು ಕೇಳಿ ಇಸಿದುಕೊಂಡು ಜನಿವಾರಕ್ಕೆ ಕಟ್ಟುವವರ ಹಾಗೆ ಅಂಗಿಯ ಒಳಜೇಬಿಗೆ ಇಳಿಸಿದರು. "ನಲವತ್ತ ವರ್ಷ ಹಿಡದಿದ್ದು ಬಿಡಸ್ಯಾರ. ನಾಳಿ ಹಲ್ಲಿನ ಸೆಟ್ಟೂ ತಗದಿಡ್ರಿ ಅಂತಾರ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆದರೂ ಆ ದಿನ ಸಂಗೀತ ಶುರುವಾಗಲಿಲ್ಲ. ಮೊದಲು ಉದ್ಘಾಟನೆ ಆಗಬೇಕಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಪ್ರಾಸ್ತಾವಿಕ ನುಡಿ, ಎರಡನೆಯ ಪ್ರಾಸ್ತಾವಿಕ ನುಡಿ. ಮಾತು ಕಡಿಮೆ, ಚಟುವಟಿಕೆ ಜಾಸ್ತಿ ಎಂಬ ವಿಷಯದ ಮೇಲೆ ನಮ್ಮ ನೋಡಲ್ ಅಧಿಕಾರಿಗಳು ಊಟದ ಹೊತ್ತಿನವರೆಗೆ ಮಾತಾಡಿದರು. ತರಬೇತಿಯ ಉಸ್ತುವಾರಿ ಅವರದು. ಮೇಡಂಗೆ ಹೊದಿಸಿದ ಶಾಲು ಉಣ್ಣೆಯದು. ಆ ಸೆಕೆಯಲ್ಲಿ ಅದನ್ನು ತೆಗೆಯಬಹುದೋ ಬಾರದೋ ತಿಳಿಯದೆ ಅವರು ಬಹಳ ಹೊತ್ತು ಹೊದ್ದೇ ಕೂತಿದ್ದರು. ನನಗೆ ಪಾಪ ಎನಿಸಿತು, ಸ್ವಲ್ಪ ಸಂತೋಷವೂ ಆಯಿತು.

ಊಟವಾದ ಮೇಲೆ "ಎಲ್ಲರೂ ವೃತ್ತದಲ್ಲಿ ನಿಂತು ಕೈ ಹಿಡ್ಕೊಳ್ಳಿ" ಎಂದರು ಮೇಡಂ. ಅವರಿಗೆ ನಮ್ಮ ಜಿಲ್ಲೆ ಗೊತ್ತಿರಲಿಲ್ಲ. ಹಿರಿಯ ಮಾಸ್ತರರ ಎಡಕ್ಕೆ ಯಾರು, ಬಲಕ್ಕೆ ಯಾರು ಎಂಬುದು ಸೇವಾ ಹಿರಿತನದಂತೆ ತೀರ್ಮಾನವಾಗಲು ಹೊತ್ತು ಹಿಡಿಯಿತು. ಆಮೇಲೆ ಗಂಡಸರದು ಒಂದು ಅರ್ಧಚಂದ್ರ, ಹೆಂಗಸರದು ಒಂದು ಅರ್ಧಚಂದ್ರ ಆಗಿ ನಿಂತೆವು. ಅವೆರಡೂ ಕೂಡುವ ಎರಡು ಕಡೆ ಮಾತ್ರ ಕೆಲಸ ಕೆಟ್ಟಿತು. ಒಂದು ಕಡೆ ನಾನು, ನನ್ನ ಪಕ್ಕ ಮುದ್ದೇಬಿಹಾಳ ತಾಲ್ಲೂಕು ನಾಲತವಾಡದಿಂದ ಬಂದಿದ್ದ ಒಬ್ಬ ತಬಲಾ ಮಾಸ್ತರ. ಇಬ್ಬರೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆವು.

"ಕೈ ಹಿಡಿಯಿರಿ ಸರ್" ಎಂದರು ಮೇಡಂ.

"ಹಿಡೀತೇನ್ರಿ ಮೇಡಂ, ಏನ್ ತ್ರಾಸಿಲ್ಲ. ಮತ್ತ ಯಾರರ ಫೋಟೋ ಹೊಡದ ಗ್ರೂಪಿಗಿ ಹಾಕಿದ್ರ ನಮ್ಮ ಮನ್ಯಾಕಿ ನಾಳಿ ಇಲ್ಲೇ ಬರ್ತಾಳ."

ಕೊನೆಗೆ ಅವನು ಹೆಗಲ ಮೇಲಿನ ಟವೆಲ್ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟ, ಇನ್ನೊಂದು ತುದಿ ತಾನು ಹಿಡಿದ. ಆಚೆ ತುದಿಯಲ್ಲೂ ಒಂದು ಟವೆಲ್ ಬಂತು. ಎರಡು ಟವೆಲ್‌ಗಳ ಆಸರೆಯಲ್ಲಿ ವೃತ್ತ ಪೂರ್ತಿಯಾಯಿತು. ಐದೂ ದಿನ ಅದು ಹಾಗೆಯೇ ನಡೆಯಿತು. ಮೂರನೆಯ ದಿನದಿಂದ ಮೇಡಂ ತಾವೇ "ಟವೆಲ್ ಎಲ್ಲಿ?" ಎಂದು ಕೇಳತೊಡಗಿದರು.

ಮರುದಿನ ಇನ್ನೊಂದು ತಾಪತ್ರಯ. ಮೇಡಂ ನೆಲದ ಮೇಲೆ ಕೂತು ಎರಡೂ ಅಂಗೈಯಿಂದ ತೊಡೆ ತಟ್ಟಿ ತೋರಿಸಿ, ಎದುರಿಗಿರುವವರ ಮುಖ ನೋಡುತ್ತ ಹೀಗೆಯೇ ತಟ್ಟಿ ಎಂದರು. ನಮ್ಮ ಊರುಗಳಲ್ಲಿ ತೊಡೆ ತಟ್ಟುವವನು ಪೈಲ್ವಾನ. ತಟ್ಟಿದನೆಂದರೆ ಎದುರಿನವನು ಕಣಕ್ಕೆ ಇಳಿಯಲೇಬೇಕು, ಇಲ್ಲವಾದರೆ ಮೂರು ಊರಿನಲ್ಲಿ ತಲೆ ಎತ್ತುವಂತಿಲ್ಲ. ತಬಲಾ ಮಾಸ್ತರ ಹಿರಿಯ ಮಾಸ್ತರರ ಎದುರು ಕೂತಿದ್ದ. ಅವನ ಕೈ ಮೇಲೆ ಹೋದದ್ದು ಕೆಳಗೆ ಬರಲೊಲ್ಲದು.

"ತಟ್ಟಲೇನ್ರಿ ಸರ?" ಎಂದು ಅಪ್ಪಣೆ ಕೇಳಿದ.

"ತಟ್ಟಪಾ. ಆದ್ರ ನನಗ ಮೊಳಕಾಲ ನೋವೈತಿ. ಕುಸ್ತಿ ಇಟ್ಟಕೊಳ್ಳೂದಿದ್ರ ಮಳಗಾಲ ಆದ ಮ್ಯಾಲೆ ನೋಡೂಣು" ಎಂದರು ಹಿರಿಯರು.

ಮೇಡಂಗೆ ಯಾಕೆ ಎಲ್ಲರೂ ನಕ್ಕರೆಂದು ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಆಗ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಪೇಟಿ ಇಲ್ಲದೆ ಸಂಗೀತ ಕಲಿಸಬಹುದು ಎಂದು ಇವರು ಸಾಬೀತು ಮಾಡಿದರೆ, ಸಂಗೀತದ ಅಕ್ಕೋರು ಇಲ್ಲದೆಯೂ ಕಲಿಸಬಹುದು ಎಂದು ಕಚೇರಿಯವರು ಸಾಬೀತು ಮಾಡಲು ಎಷ್ಟು ಹೊತ್ತು?

ಆ ಉಳಿದರ್ಧ ಹೋದದ್ದು ಮೂರನೆಯ ದಿನ. "ನಿಮ್ಮ ಮನೆಯ ಒಂದು ಸದ್ದು ಮಾಡಿ ತೋರಿಸಿ" ಎಂದರು ಮೇಡಂ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಮನೆಯಲ್ಲಿ ಅವರು ಮಾಡುವ ಸದ್ದು ಯಾವುದು ಎಂದು ಅವರಿಗೇ ನೆನಪಾಗಲಿಲ್ಲ. ಹೆಂಗಸರಾದ ನಮ್ಮದು ಕೇಳಬೇಕೇ? ನಾನು ನೆಲವನ್ನೇ ಹಲಗೆ ಮಾಡಿಕೊಂಡು ಜೋಳದ ರೊಟ್ಟಿ ಬಡಿದೆ. ಮೊದಲು ನಿಧಾನ, ರೊಟ್ಟಿ ಅಗಲವಾದ ಹಾಗೆ ಜೋರು, ಕೊನೆಗೆ ಎತ್ತಿ ಹಂಚಿಗೆ ಹಾಕುವಾಗ ಒಂದು ಬಿಡುವು. ಪಕ್ಕದವಳು ಕಾಳು ಕೇರಿದಳು. ಇನ್ನೊಬ್ಬಳು ನಾಲಿಗೆಯಿಂದಲೇ ಎಮ್ಮೆ ಹಿಂಡಿದಳು. ಆಗ ಹಿರಿಯ ಮಾಸ್ತರರು ಚೀಲ ತೆಗೆದು, ಅಂಗೈಯಲ್ಲಿ ತಂಬಾಕು ತಿಕ್ಕಿ, ಎರಡು ಸಲ ತಟ್ಟಿದರು. ಅದು ನನ್ನ ರೊಟ್ಟಿಯ ಬಿಡುವಿನಲ್ಲಿಯೇ ಸರಿಯಾಗಿ ಬಿತ್ತು. ತಬಲಾ ಮಾಸ್ತರ ಬಸ್ಸಿನ ಮೈ ಬಡಿಯುವಂತೆ ಗೋಡೆ ಬಡಿದು ರೈಟ್ ರೈಟ್ ಎಂದ.

ಮೇಡಂ ಕೈಸನ್ನೆಯಿಂದಲೇ ಒಬ್ಬೊಬ್ಬರ ಸದ್ದನ್ನು ಏರಿಸಿದರು, ಇಳಿಸಿದರು. ತಗಡಿನ ಕೆಳಗೆ ಬೆವರು ಸುರಿಸುತ್ತ ನಾವು ಎಷ್ಟು ಹೊತ್ತು ಬಾರಿಸಿದೆವೋ ಗೊತ್ತಿಲ್ಲ. ನನಗೆ ಬಹಳ ಖುಷಿಯಾಯಿತು. ಮದುವೆಯಾಗಿ ಬಂದಾಗಿನಿಂದ ಸಾವಿರ ಸಾವಿರ ರೊಟ್ಟಿ ಬಡಿದಿದ್ದೇನೆ, ಆದರೆ ಕೈಗೆ ಇಷ್ಟು ಲಯ ಗೊತ್ತಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹಿಟ್ಟು ದಪ್ಪ ಎಂದಷ್ಟೇ ಹೇಳಿದ್ದರು. ನಮ್ಮ ಶಾಲೆಯ ಹುಡುಗಿಯರಿಗೂ ಇದು ಬರುತ್ತದೆ, ಜೂನ್‌ನಲ್ಲಿ ಅವರನ್ನು ಕೂಡಿಸಿ ಇದನ್ನೇ ಮಾಡಿಸಬೇಕು ಎಂದು ಅಲ್ಲೇ ನಿರ್ಧರಿಸಿದೆ. ಆಮೇಲೆ ಜೂನ್‌ನಲ್ಲಿ ನಾನು ಆ ಶಾಲೆಯಲ್ಲಿ ಇರುತ್ತೇನೆಯೇ ಎಂಬುದು ನೆನಪಾಯಿತು.

ಕೊನೆಯ ದಿನದ ಪಾಠ ಯಾರು ಮಾಡುತ್ತೀರಿ ಎಂದು ಮೇಡಂ ಕೇಳಿದಾಗ ಎಲ್ಲರೂ ಮೇಲಿನ ಫ್ಯಾನು ನೋಡಿದರು. ಕರೆಂಟು ಇರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ, ಆದರೂ ನೋಡಿದರು. ನಾನು ಕೈ ಎತ್ತಿದೆ. ಊಟಕ್ಕೆ ಕೂತಾಗ ಹಿರಿಯ ಮಾಸ್ತರರು ಯಾಕಿಷ್ಟು ಅವಸರ ಎಂದು ಕೇಳಿದರು. ಹೆಚ್ಚುವರಿಯ ಸಂಗತಿ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನೀ ಮಾಡೂದು ಚೊಲೋನ ಐತಿ ತಂಗಿ. ಆದ್ರ ಸಾಹೇಬ್ರ ಕಿವಿ ಬ್ಯಾರೆ, ನಮ್ಮ ಕಿವಿ ಬ್ಯಾರೆ. ಅದನ್ನ ಮರೀಬ್ಯಾಡ" ಎಂದರು.

ಕೊನೆಯ ದಿನ ಸುತ್ತಲಿನ ಓಣಿಗಳಿಂದ ಮಕ್ಕಳನ್ನು ಕರೆತಂದಿದ್ದರು. ರಜೆಯ ಮಕ್ಕಳು ಸಂಗೀತಕ್ಕೆ ಬರುತ್ತಾರೆಯೇ? ಉಪ್ಪಿಟ್ಟು, ಶಿರಾ ಇದೆ ಎಂದು ಹೇಳಿ ಕರೆತಂದದ್ದು. ಬೆಳಗಿನಿಂದ ಅವರೊಡನೆ ಕೂತೆ. ರೊಟ್ಟಿ, ಮೊರ, ಎಮ್ಮೆ, ಬಸ್ಸು ಎಲ್ಲ ಬಂದವು. ಒಬ್ಬಳು ಹುಡುಗಿ ತನ್ನ ಅಜ್ಜನ ಗೊರಕೆಯನ್ನು ತಂದು ಎಲ್ಲದರ ಕೆಳಗೆ ಹಾಸಿದಳು. ಅದು ತಂಬೂರಿಗಿಂತ ಚೆನ್ನಾಗಿ ಕೂತಿತು. ಸಾಹೇಬರು ಹತ್ತಕ್ಕೆ ಬರಬೇಕಾದವರು ಹನ್ನೆರಡು ಕಳೆದರೂ ಬರಲಿಲ್ಲ. ಮನಗೂಳಿ ದಾಟಿದರು ಎಂದು ಫೋನು ಬಂತು. ಬಹಳ ಹೊತ್ತಿನ ಮೇಲೆ ಮತ್ತೆ ಮನಗೂಳಿ ದಾಟಿದರು ಎಂದು ಫೋನು ಬಂತು. ಕಾದು ಕಾದು ಮಕ್ಕಳು ತಾವೇ ಶುರು ಮಾಡಿಕೊಂಡರು. ನಾನು ಏನೂ ಹೇಳಿಕೊಡಲಿಲ್ಲ. ಒಬ್ಬಳು ಏರಿಸಿದಳು, ಒಬ್ಬ ಇಳಿಸಿದ, ನಡುವೆ ಯಾರೋ ಹಾಡೂ ಕಟ್ಟಿದರು. ಮೇಡಂ ನನ್ನ ಕೈ ಅದುಮಿದರು. ನನ್ನ ಕಣ್ಣು ತುಂಬಿ ಬಂದಿತ್ತು.

ಸಾಹೇಬರು ಒಳಗೆ ಬಂದದ್ದು ಅದೇ ಹೊತ್ತಿಗೆ. ವೃತ್ತದಲ್ಲಿ ಕೂತವರಲ್ಲಿ ಅರ್ಧ ಜನರ ಬೆನ್ನು ಬಾಗಿಲ ಕಡೆಗೇ ಇರುತ್ತದಲ್ಲ. ಅಧಿಕಾರಿಗೆ ಬೆನ್ನು ತೋರಿಸಿ ಕೂತ ಮಕ್ಕಳನ್ನು ನೋಡಿ ನೋಡಲ್ ಅಧಿಕಾರಿಗಳ ಮುಖ ಬಿಳಿಚಿತು. ಒಂದು ಮಗುವೂ ಏಳಲಿಲ್ಲ, ಅವರಿಗೆ ಪುರಸೊತ್ತು ಇರಲಿಲ್ಲ.

"ಇದೇನ್ರಿ ಇದು, ಗದ್ಲಾ?" ಎಂದರು ಸಾಹೇಬರು. "ಸಂಗೀತ ಎಲ್ಲೈತಿ?"

"ಇದೇ ಸಂಗೀತ ಸರ್. ಮಕ್ಕಳೇ ಕಟ್ಟಿದ್ದು" ಎಂದು ಮೇಡಂ ಹೇಳಲು ಹೋದರು. ನೋಡಲ್ ಅಧಿಕಾರಿಗಳು ನಡುವೆ ನುಗ್ಗಿ ಚಪ್ಪಾಳೆ ತಟ್ಟಿ ಮಕ್ಕಳನ್ನು ನಿಲ್ಲಿಸಿಬಿಟ್ಟರು. ಅಜ್ಜನ ಗೊರಕೆಯ ಹುಡುಗಿ ಒಬ್ಬಳೇ ಇನ್ನೂ ಸ್ವಲ್ಪ ಹೊತ್ತು ಮುಂದುವರಿಸಿ, ಎಲ್ಲರೂ ಸುಮ್ಮನಾದದ್ದು ನೋಡಿ ಬಾಯಿ ಮುಚ್ಚಿದಳು.

ಸಾಹೇಬರು ನನ್ನ ಕಡೆ ತಿರುಗಿದರು. "ಪಾಠಾ ಮಾಡಾಕತ್ತಾವ್ರು ನೀವೇನ್ರಿ? ಹೆಚ್ಚುವರಿ ಪಟ್ಟ್ಯಾಗ ಇರಾವ್ರು?"

ಹೌದ್ರಿ ಎಂದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಪಕ್ಕದ ಕೋಣೆಯ ಬೀಗ ತೆಗೆದ ಸದ್ದು. ಹಿರಿಯ ಮಾಸ್ತರರು ಪೇಟಿ ಎತ್ತಿಕೊಂಡು ಬಂದು ನೆಲಕ್ಕೆ ಕೂತು, ತಿದಿ ಬಿಚ್ಚಿ, ಎರಡನೆಯ ಕಪ್ಪು ಮನೆ ಒತ್ತಿ ಷಡ್ಜ ಹಿಡಿದರು. ಅಷ್ಟೇ. ಆ ಸ್ವರ ಕೇಳಿದ ಕೂಡಲೇ ನಾಲ್ಕು ತಾಲ್ಲೂಕಿನ ಸಂಗೀತ ಶಿಕ್ಷಕರು ಎದ್ದು ಎರಡು ಸಾಲಾಗಿ ನಿಂತರು, ಕೈ ಮುಗಿದರು, ಸ್ವಾಗತ ಗೀತೆ ಶುರು ಮಾಡಿದರು. ಯಾರೂ ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ನಾವು ಮಾಡಿದ್ದು ಅದನ್ನೇ: ಯಾರೋ ಬರುತ್ತಾರೆ, ನಾವು ಹಾಡುತ್ತೇವೆ. ನಾನೂ ಎದ್ದು ನಿಂತಿದ್ದೆ. ನಾನೂ ಹಾಡುತ್ತಿದ್ದೆ. ಎರಡನೆಯ ಚರಣದಲ್ಲಿ ಹಿರಿಯ ಮಾಸ್ತರರು ಎಲ್ಲರಿಗೂ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿ ನನ್ನೊಬ್ಬಳಿಗೇ ಬಿಟ್ಟುಕೊಟ್ಟರು. ಹೊಟ್ಟೆಯಲ್ಲಿದ್ದ ಹೆದರಿಕೆಯೆಲ್ಲ ದನಿಗೆ ಬಂತು. ಅಷ್ಟು ಚೆನ್ನಾಗಿ ನಾನು ಅದಕ್ಕೂ ಮೊದಲು ಹಾಡಿರಲಿಲ್ಲ, ಆಮೇಲೆಯೂ ಹಾಡಿಲ್ಲ.

ಸಾಹೇಬರು ಮೊಬೈಲು ತೆಗೆದು ಚಿತ್ರೀಕರಿಸಿಕೊಂಡರು. ಹಾಡು ಮುಗಿದಾಗ ಅವರ ಮುಖ ಅರಳಿತ್ತು. "ಇದು ನೋಡ್ರಿ, ಇದು ಕ್ರಿಯಾಶೀಲ ಅಂದ್ರ" ಎಂದು ಮೇಡಂಗೆ ತಿಳಿಸಿಕೊಟ್ಟರು. ಆಮೇಲೆ ನೋಡಲ್ ಅಧಿಕಾರಿಗಳಿಗೆ, "ಇಂಥಾ ದನಿ ಕಳಕೊಂಡ್ರ ಹೆಂಗ್ರಿ? ಇವರ ಹೆಸರ ಪಟ್ಟ್ಯಾಗಿಂದ ತಗೀರಿ" ಎಂದರು.

ಮೇಡಂ ಉಣ್ಣೆಯ ಶಾಲನ್ನು ಚೀಲಕ್ಕೆ ತುರುಕಿಕೊಂಡು ಸಂಜೆಯ ಬಸ್ಸಿಗೆ ಹೊರಟರು. ಹೊರಡುವಾಗ ನನ್ನನ್ನು ಅಪ್ಪಿಕೊಂಡು, "ನಿಮ್ಮ ಕೆಲಸ ಉಳಿಯಿತಲ್ಲ, ಸಾಕು. ಶಾಲೆಯಲ್ಲಿ ಮಾಡಿಸಿ, ಬಿಡಬೇಡಿ" ಎಂದರು. ನಾನು ಮಾತು ಕೊಟ್ಟೆ. ಮನಸಾರೆ ಕೊಟ್ಟ ಮಾತು.

ಶಾಲೆ ಶುರುವಾದಾಗ ನನ್ನ ಹುದ್ದೆ ಉಳಿದಿತ್ತು. ಜೊತೆಗೆ ಇನ್ನೊಂದು ಮೌಖಿಕ ಆದೇಶವೂ ಬಂದಿತ್ತು: ತಾಲ್ಲೂಕಿನಲ್ಲಿ ಎಲ್ಲೇ ಕಾರ್ಯಕ್ರಮವಾದರೂ ಸ್ವಾಗತ ಗೀತೆಗೆ ಈ ಅಕ್ಕೋರನ್ನೇ ಕಳಿಸಬೇಕು. ಸರಕಾರ ಇಷ್ಟೊಂದು ಕಾರ್ಯಕ್ರಮ ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿವೃತ್ತರಾಗುವವರನ್ನು ಸ್ವಾಗತಿಸಿದೆ, ಅವರ ಜಾಗಕ್ಕೆ ಬಂದವರನ್ನು ಸ್ವಾಗತಿಸಿದೆ. ಸಸಿ ನೆಡುವವರಿಗೆ ಹಾಡಿದೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೆ ಸಸಿ ನೆಟ್ಟಾಗಲೂ ಹಾಡಿದೆ. ಒಂದು ಶೌಚಾಲಯದ ಉದ್ಘಾಟನೆಗೆ ಹೋಗಿದ್ದೆ. ಅತಿಥಿಗಳೇ ಸುಸ್ವಾಗತ ಎಂಬ ಸಾಲನ್ನು ಅದರ ಬಾಗಿಲ ಮುಂದೆ ನಿಂತು ಹಾಡುವಾಗ ನಗು ತಡೆಯಲು ಪಟ್ಟ ಪಾಡು ನನಗೇ ಗೊತ್ತು.

ಮುಖ್ಯಗುರುಗಳಿಗೆ ಬಲು ಹೆಮ್ಮೆ. ಬಂದವರಿಗೆಲ್ಲ "ನಮ್ಮ ಸಾಲ್ಯಾಗ ಸಂಗೀತದ ಅಕ್ಕೋರು ಅದಾರ್ರಿ" ಎನ್ನುತ್ತಾರೆ. ನಾನು ಮಾತ್ರ ಶಾಲೆಯಲ್ಲಿ ಇರುವುದಿಲ್ಲ. ನನ್ನ ತಾಸುಗಳಲ್ಲಿ ಗಣಿತದವರು ಮಗ್ಗಿ ಹೇಳಿಸುತ್ತಾರೆ. ನಾನು ಶಾಲೆಯಲ್ಲಿ ಇದ್ದ ದಿನಗಳಲ್ಲೂ ಯಾರೋ ಬರುವವರು ಇರುತ್ತಾರೆ, ಮಕ್ಕಳಿಗೆ ಅದನ್ನೇ ತಿದ್ದಬೇಕಾಗುತ್ತದೆ. ರೊಟ್ಟಿಯ ಲಯಕ್ಕೆ ಇವತ್ತು ಆಗಲಿಲ್ಲ, ನಾಳೆ ಕೂಡಿಸುತ್ತೇನೆ ಎಂದು ನಾನು ನನಗೇ ಹೇಳಿಕೊಳ್ಳುತ್ತ ಬಂದೆ.

ಹೋದ ತಿಂಗಳು ಒಂದು ಕಾರ್ಯಕ್ರಮ ಇದ್ದಕ್ಕಿದ್ದಂತೆ ರದ್ದಾಯಿತು. ಬರಬೇಕಾದವರು ಬೇರೆಲ್ಲೋ ಹೋದರಂತೆ. ನನಗೆ ರಜೆ ಸಿಕ್ಕ ಹಾಗಾಯಿತು. ಮಧ್ಯಾಹ್ನದ ಬಸ್ಸು ಹಿಡಿದು ನೇರ ಶಾಲೆಗೆ ಬಂದು, ಗಣಿತದವರನ್ನು ಕೈ ಮುಗಿದು ಹೊರಗೆ ಕಳಿಸಿ, ಐದನೆಯ ತರಗತಿಯ ಬಾಗಿಲು ಹಾಕಿದೆ. ಪೇಟಿ ತರಲಿಲ್ಲ. ಮೊದಲ ದಿನ ಪಾಠಕ್ಕೆ ಬಂದವಳ ಹಾಗೆ ಸೆರಗು ಸರಿ ಮಾಡಿಕೊಂಡೆ.

"ಇವತ್ತ ಹಾಡೂಣು" ಎಂದೆ.

ಮಕ್ಕಳು ಬೆಂಚು ಬಿಟ್ಟು ಎದ್ದರು. ನಾನು ವೃತ್ತ ಎನ್ನುವ ಮೊದಲೇ ಎರಡು ಸಾಲಾದರು. ಎತ್ತರದವರು ಹಿಂದೆ, ಗಿಡ್ಡವರು ಮುಂದೆ. ಹುಡುಗಿಯರು ಜಡೆಯನ್ನು ಮುಂದೆ ತಂದುಕೊಂಡರು, ಹುಡುಗರು ಅಂಗಿಯ ಗುಂಡಿ ಹಾಕಿಕೊಂಡರು. ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ಕೈ ಮುಗಿದು ನಿಂತರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಮುಗಿದುಕೊಂಡೇ ಕೇಳಿದಳು.

"ಅಕ್ಕೋರ, ಇವತ್ತ ಯಾರ ಬರಾಕತ್ತಾರ್ರಿ?"

"ಯಾರೂ ಬರಂಗಿಲ್ಲವ್ವ. ನಾವ ನಾವ ಹಾಡೂಣು."

ಅವಳು ಪಕ್ಕದವಳ ಮುಖ ನೋಡಿದಳು. ಪಕ್ಕದವಳು ನನ್ನ ಮುಖ ನೋಡಿದಳು. ಸಾಲು ಹಾಗೆಯೇ ನಿಂತಿತ್ತು.

"ಯಾರೂ ಬರಂಗಿಲ್ಲ ಅಂದ್ರ ಮತ್ತ ಯಾಕ ಹಾಡೂದ್ರಿ ಅಕ್ಕೋರ?" ಎಂದಳು.